ಆರ್ಡೆಲ್ ಮಾವ ಕೊಂಡ ದುರ್ಬೀನು

ನಮ್ಮ ಹಾಲ್ವರ್ ಕಣಿವೆಯಲ್ಲಿ ಗಂಡಸೊಬ್ಬ ಚಳಿಗಾಲವಿಡೀ ಯೋಚಿಸಿ ತೆಗೆದುಕೊಳ್ಳುವ ನಿರ್ಧಾರಗಳು ಎರಡು: ಯಾವ ಹೋರಿಯನ್ನು ಕೊಳ್ಳಬೇಕು, ಬಂದೂಕಿನ ಮೇಲೆ ಯಾವ ದುರ್ಬೀನನ್ನು ಕೂರಿಸಬೇಕು. ಮದುವೆ ಮೊದಲಾದವು ಈ ಎರಡರ ನಡುವೆ ಬಿಡುವು ಸಿಕ್ಕಾಗ ನಡೆಯುತ್ತವೆ.

ನನ್ನ ಸೋದರಮಾವ ಆರ್ಡೆಲ್ ಟ್ವೆಟನ್ ಹೋರಿಯನ್ನು ಹಿಂದಿನ ವರ್ಷವೇ ಕೊಂಡಿದ್ದ. ಆದ್ದರಿಂದ ಈ ಚಳಿಗಾಲ ಪೂರ್ತಿಯಾಗಿ ದುರ್ಬೀನಿಗೆ ಮೀಸಲಾಯಿತು.

ಮೊಂಟಾನಾದ ಈ ಭಾಗದಲ್ಲಿ ಗೋಫರ್ ಎಂಬ ನೆಲದ ಅಳಿಲು ವಸಂತ ಬಂದೊಡನೆ ಕುದುರೆಮಸಾಲೆ ಎಂಬ ಮೇವಿನ ಬೆಳೆಯ ಹೊಲಗಳಲ್ಲಿ ಬಿಲ ತೋಡುತ್ತದೆ. ಬಿಲದಲ್ಲಿ ಕುದುರೆಯ ಕಾಲು ಮುರಿಯುತ್ತದೆ, ಬಿಲದ ಮಣ್ಣುಗುಡ್ಡೆಗೆ ತಾಗಿ ಹುಲ್ಲು ಕತ್ತರಿಸುವ ಯಂತ್ರದ ಅಲಗು ಮುರಿಯುತ್ತದೆ, ಇವೆರಡನ್ನೂ ನೋಡಿದ ರೈತನ ತಾಳ್ಮೆ ಮುರಿಯುತ್ತದೆ. ಗೋಫರ್ ಹಿಂಗಾಲ ಮೇಲೆ ಗೂಟದಂತೆ ನಿಂತು ದೂರ ನೋಡುವ ಪ್ರಾಣಿ. ಹತ್ತಿರ ಹೋದರೆ ಬಿಲಕ್ಕೆ ಜಾರುತ್ತದೆ, ದೂರ ನಿಂತರೆ ನಮ್ಮ ಕಣ್ಣಿಗೆ ಕಾಣುವುದಿಲ್ಲ. ದುರ್ಬೀನಿನ ಅಗತ್ಯ ಹುಟ್ಟುವುದು ಇಲ್ಲಿ.

ಮಾವನಿಗೆ ಬೇಕಾಗಿದ್ದುದು ಬೆಲೆಗೆ ತಕ್ಕ ದುರ್ಬೀನು. ಆದರೆ ಮಾವನ ಹೆಂಡತಿ ಲವಾನ್ ಅತ್ತೆಯ ಅಣ್ಣ ಮರ್ಲಿನ್ ಹೌಗೆನ್ ಬಂದೂಕಿನ ಮೇಲೆ ಇದ್ದುದು ಯುರೋಪಿನಿಂದ ತರಿಸಿದ ದುರ್ಬೀನು. ಅದರ ಬೆಲೆಯನ್ನು ಆತ ಯಾರಿಗೂ ಹೇಳುತ್ತಿರಲಿಲ್ಲ, ಆದರೆ ಊಹಿಸಲು ಎಲ್ಲರಿಗೂ ಅವಕಾಶ ಕೊಡುತ್ತಿದ್ದ.

"ಈ ಗಾಜು ಬಂದ್ಮೇಲೆ ಎರಡೂ ಕಣ್ಣಿಗಿಟ್ಟು ನೋಡೋ ಜೋಡಿ ದುರ್ಬೀನ್ನ ಮಾರ್‌ಬಿಟ್ಟೆ," ಎಂದು ಮರ್ಲಿನ್ ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದ. "ನಮ್ಮ ಪಾಸ್ಟರಮ್ಮ ತಗೊಂಡ್ರು, ಹಕ್ಕಿ ನೋಡೋಕೆ. ನಂಗಿನ್ಯಾಕೆ ಅದು? ನೀನೂ ಒಂದು ಒಳ್ಳೇದು ತಗೋ ಆರ್ಡೆಲ್. ಅಗ್ಗದ ಗಾಜಲ್ಲಿ ನೋಡಿದ್ರೆ ಗೋಫರ್ ಯಾವ್ದು, ಬೇಲಿಗೂಟ ಯಾವ್ದು ಗೊತ್ತಾಗಲ್ಲ. ಕೊನೆಗೆ ಬೇಲೀನ ಕೊಂದು ಬರ್ತೀಯ."

ನಾನು ಭೌತಶಾಸ್ತ್ರದಲ್ಲಿ ಪದವಿ ಪಡೆದು ಆಗಷ್ಟೇ ಕಣಿವೆಗೆ ಮರಳಿದ್ದೆ. ಮಾವ ನನ್ನನ್ನು ಅಡುಗೆಮನೆಯ ಮೇಜಿನ ಬಳಿ ಕೂರಿಸಿ, "ನೀನು ಓದ್ದೋನು. ಗಾಜಿಗೂ ಗಾಜಿಗೂ ಏನಪ್ಪ ವ್ಯತ್ಯಾಸ?" ಎಂದು ಕೇಳಿದ. ನಾನು ವಿವರಿಸಿದೆ. ದೊಡ್ಡದು ಮಾಡಿ ತೋರಿಸುವ ಪಟ್ಟು ಹೆಚ್ಚಿದಷ್ಟೂ ಬಿಸಿಲಿನ ಅಲೆಯೂ ಕೈನಡುಕವೂ ಅಷ್ಟೇ ಪಟ್ಟು ಹೆಚ್ಚಿ ಕಾಣುತ್ತವೆ. ಆದ್ದರಿಂದ ಪಟ್ಟಿಗಿಂತ ಮುಖ್ಯವಾದದ್ದು ಗಾಜಿನ ಸ್ಪಷ್ಟತೆ. ಅದಕ್ಕಿಂತಲೂ ಮುಖ್ಯವಾದದ್ದು, ಗುರಿ ಹೊಂದಿಸುವ ತಿರುಪನ್ನು ಮುಂದಕ್ಕೆ ತಿರುಗಿಸಿ ಹಿಂದಕ್ಕೆ ತಂದಾಗ ಗಾಜಿನೊಳಗೆ ಗುರಿ ತೋರುವ ಅಡ್ಡಗೆರೆ ಮೊದಲಿದ್ದ ಜಾಗಕ್ಕೇ ಮರಳಬೇಕು. ಮಾವ ಎಲ್ಲವನ್ನೂ ಕಣ್ಣುಮುಚ್ಚಿ ಕೇಳಿ, ಕೊನೆಗೆ ಕಣ್ಣು ತೆರೆದು, "ಮರ್ಲಿನ್‌ದು ಎಷ್ಟು ಪಟ್ಟು?" ಎಂದ.

"ಇಪ್ಪತ್ತು ಇರಬೇಕು."

"ಹಾಗಾದ್ರೆ ನಂದು ಇಪ್ಪತ್ನಾಲ್ಕು."

ಹೀಗೆ ವಿಜ್ಞಾನಕ್ಕೆ ಸಲ್ಲಬೇಕಾದ ಗೌರವ ಸಂದಿತು.

ದುರ್ಬೀನು ಮಾರ್ಚ್ ತಿಂಗಳಲ್ಲಿ ಬಂತು. ಮಾವ ಅದನ್ನು ಬಂದೂಕಿನ ಮೇಲೆ ಕೂರಿಸಿ, ತಿರುಪುಗಳನ್ನು ಬಿಗಿದು, ಅವು ಮತ್ತೆಂದೂ ಸಡಿಲವಾಗದಂತೆ ಅಂಟನ್ನೂ ಹಚ್ಚಿದ. ಅದರಾಚೆಗೆ ಮಾಡುವುದಕ್ಕೆ ಏನೂ ಇರಲಿಲ್ಲ. ಹೊರಗೆ ಹಿಮ, ಗೋಫರ್‌ಗಳು ಇನ್ನೂ ನೆಲದಡಿ ನಿದ್ರಿಸುತ್ತಿದ್ದವು. ಹೊಸ ದುರ್ಬೀನು ಇದೆ, ನೋಡುವುದಕ್ಕೆ ಗುರಿಯಿಲ್ಲ. ಈ ಸ್ಥಿತಿ ಅಪಾಯಕಾರಿ.

ಮಾವನ ಮನೆಯ ಎದುರಿಗೆ ಒಂದು ಕೊರಕಲು. ಕೊರಕಲಿನ ಆಚೆ, ಐನೂರು ಗಜ ದೂರದಲ್ಲಿ ವಿಧವೆ ಜಿನೀವ್ ಸ್ಟೆನ್ಸ್‌ರುಡ್ ಅವರ ಮನೆ. ಕಣಿವೆಯಲ್ಲಿ ಅತಿ ಹೆಚ್ಚು ಗೋಫರ್‌ಗಳಿರುವ ಹೊಲ ಅವರದು, ಆ ಹೊಲದಲ್ಲಿ ಬಂದೂಕು ಹಿಡಿಯಲು ಅನುಮತಿಯಿದ್ದುದು ಮಾವನೊಬ್ಬನಿಗೆ. ಅದಕ್ಕೆ ಕಾರಣವೂ ಇತ್ತು. ಹೊಸದಾಗಿ ಬಂದೂಕು ಹಿಡಿಯುವ ಮಕ್ಕಳಿಗೆ ಪ್ರತಿ ಏಪ್ರಿಲ್‌ನಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ಸುರಕ್ಷತೆಯ ಪಾಠ ಹೇಳಿಕೊಡುವವನು ನನ್ನ ಮಾವ. ಕಣಿವೆಯಲ್ಲಿ ನಲವತ್ತು ದಾಟದ ಪ್ರತಿಯೊಬ್ಬರೂ ಅವನ ಶಿಷ್ಯರು. ನಾನೂ ಅವನ ಶಿಷ್ಯ. ಎಲ್ಲರೂ ಅವನನ್ನು ಮೇಷ್ಟ್ರೇ ಎಂದೇ ಕರೆಯುತ್ತಿದ್ದರು.

ಲೆಂಟ್ ಉಪವಾಸದ ಬುಧವಾರಗಳಂದು ಚರ್ಚಿನ ಅದೇ ನೆಲಮಾಳಿಗೆಯಲ್ಲಿ ಸೂಪಿನ ಊಟ ಇರುತ್ತದೆ. ಸೂಪನ್ನು ಸರದಿಯ ಮೇಲೆ ಒಬ್ಬೊಬ್ಬರು ತರುತ್ತಾರೆ. ಲೆಫ್ಸೆಯನ್ನು ಮಾತ್ರ ಯಾವಾಗಲೂ ಜಿನೀವ್ ತರುತ್ತಾರೆ. ಲೆಫ್ಸೆ ಎಂದರೆ ಆಲೂಗಡ್ಡೆಯ ತೆಳುರೊಟ್ಟಿ, ಬೆಣ್ಣೆ ಸಕ್ಕರೆ ಸವರಿ ಸುರುಳಿ ಸುತ್ತಿ ತಿನ್ನುವಂಥದ್ದು. ಅವರ ಕೈಯ ಲೆಫ್ಸೆಗೆ ಜಿಲ್ಲೆಯ ಜಾತ್ರೆಯಲ್ಲಿ ಬಂದ ಮೊದಲ ಬಹುಮಾನದ ನೀಲಿ ಪಟ್ಟಿಗಳು ಚರ್ಚಿನ ಗೋಡೆಯ ಮೇಲೆ ಪಾದ್ರಿಗಳ ಭಾವಚಿತ್ರಗಳ ಪಕ್ಕದಲ್ಲಿ, ಅವಕ್ಕಿಂತ ಸ್ವಲ್ಪ ಎತ್ತರದಲ್ಲಿ ತೂಗುತ್ತವೆ.

ಆ ಬುಧವಾರ ಮರ್ಲಿನ್ ಸೂಪಿನ ಬಟ್ಟಲಿನೊಂದಿಗೆ ಮಾವನ ಎದುರು ಕುಳಿತ.

"ಬಂತಂತೆ ನಿನ್ನ ದುರ್ಬೀನು? ಪೆಟ್ಟಿಗೇಲಿ ಬಂತೋ, ಇಲ್ಲ ಬಿಸ್ಕತ್ತಿನ ಪೊಟ್ಟಣದಲ್ಲಿ ಉಚಿತವಾಗಿ ಬಂತೋ?"

"ಭಾವ, ನೋಡ್ದೆ ಮಾತಾಡ್ಬೇಡ. ನಿನ್ನದಕ್ಕಿಂತ ಚೆನ್ನಾಗಿದೆ."

"ಅದ್ರಲ್ಲಿ ನಿನ್ನ ಕೊಟ್ಟಿಗೆ ಕಂಡ್ರೆ ಹೇಳು, ನಾನೂ ಬಂದು ನೋಡ್ತೀನಿ."

ಸುತ್ತಲಿನವರು ನಕ್ಕರು. ಲವಾನ್ ಅತ್ತೆ ಮೇಜಿನ ಕೆಳಗೆ ಮಾವನ ಕಾಲನ್ನು ಒತ್ತಿದಳು. ಮಾವನ ಕಿವಿ ಕೆಂಪಾಯಿತು. ಆತ ಎದ್ದು ನಿಂತ.

"ಕೊಟ್ಟಿಗೆ ಯಾಕೆ? ನಿನ್ನೆ ನಮ್ಮನೆ ಕಿಟಕಿಯಿಂದ ಜಿನೀವ್ ಅವ್ರ ಅಡುಗೆಮನೆ ಮೇಜಿನ ಮೇಲಿದ್ದ ಲೆಫ್ಸೆ ಪೊಟ್ಟಣದ ಅಕ್ಷರ ಓದಿದೀನಿ! ಅಂಗಡಿ ಪೊಟ್ಟಣ! ಕೆಂಪಕ್ಷರ! ಈಗ ಹೇಳು!"

ನೆಲಮಾಳಿಗೆಯಲ್ಲಿ ಚಮಚಗಳು ನಿಂತವು. ಕಾಫಿಯ ದೊಡ್ಡ ಪಾತ್ರೆ ಮಾತ್ರ ಗುರ್ ಎನ್ನುತ್ತಿತ್ತು. ಅಷ್ಟರಲ್ಲಿ ಲೆಫ್ಸೆಯ ತಟ್ಟೆ ಹಿಡಿದು ಜಿನೀವ್ ಒಳಗಿನಿಂದ ಬಂದಿದ್ದರು. ಅವರು ತಟ್ಟೆಯನ್ನು ಮೇಜಿನ ಮೇಲೆ ನಿಧಾನವಾಗಿ ಇಟ್ಟರು.

"ಯಾವ ಕಿಟಕಿ, ಆರ್ಡೆಲ್?"

"ಮಹಡಿ ಕಿಟಕಿ," ಎಂದ ಮಾವ, ಪ್ರಶ್ನೆ ತಾಂತ್ರಿಕವಾದುದೆಂದು ಭಾವಿಸಿ.

"ಯಾವುದ್ರಲ್ಲಿ ನೋಡ್ದೆ?"

"ಹೊಸ ದುರ್ಬೀನಲ್ಲಿ."

"ಅದೆಲ್ಲಿ ಕೂತಿತ್ತು?"

"ಬಂದೂಕಿನ ಮೇಲೆ, ಇನ್ನೆಲ್ಲಿ ಕೂರತ್ತೆ?"

ಜಿನೀವ್ ಕೋಟು ತೊಟ್ಟುಕೊಂಡು ಹೊರಟುಹೋದರು. ಲವಾನ್ ಅತ್ತೆ ತನ್ನ ಬಟ್ಟಲನ್ನು ನೋಡುತ್ತ ಕುಳಿತಳು. ಅದರಲ್ಲಿ ಸೂಪು ಮುಗಿದು ಬಹಳ ಹೊತ್ತಾಗಿತ್ತು.

ಮಾವನಿಗೆ ಅರ್ಥವಾದದ್ದು ಇಷ್ಟು: ಜಿನೀವ್ ಅಂಗಡಿಯ ಲೆಫ್ಸೆ ತರುವುದನ್ನು ತಾನು ಬಯಲು ಮಾಡಿದೆ, ಅದಕ್ಕಾಗಿ ಎಲ್ಲರಿಗೂ ಬೇಸರ. ಮರುದಿನ ಬೆಳಿಗ್ಗೆ ಕ್ಷೌರ ಮಾಡಿಕೊಂಡು, ಒಗೆದ ಅಂಗಿ ತೊಟ್ಟು, ನಮ್ಮ ಚರ್ಚಿನ ಪಾದ್ರಿ, ಪಾಸ್ಟರಮ್ಮ ಸಾಲ್ವೆಗ್ ನೀಮನ್ ಅವರ ಮನೆಗೆ ಹೋದ. ನಾನು ಗಾಡಿ ಓಡಿಸಿದೆ.

"ಪಾಸ್ಟರಮ್ಮ, ನಾನು ಲೆಫ್ಸೇನ ಹೀಯಾಳಿಸಿಲ್ಲ. ಅಂಗಡಿ ಲೆಫ್ಸೆನೂ ಚೆನ್ನಾಗೇ ಇರತ್ತೆ. ನಾನು ನಾಕು ತಿಂದಿದೀನಿ."

"ಲೆಫ್ಸೆ ವಿಷಯ ಎಲ್ರಿಗೂ ಗೊತ್ತಿತ್ತು ಆರ್ಡೆಲ್," ಎಂದರು ಪಾಸ್ಟರ್, ಕಾಫಿ ಬಗ್ಗಿಸುತ್ತ. "ಜಿನೀವ್ ಅವ್ರ ಬೆರಳು ಮಡಚಕ್ಕೆ ಬರ್ತಿಲ್ಲ, ಸಂಧಿವಾತ. ಲಟ್ಟಣಿಗೆ ಹಿಡಿಯಕ್ಕಾಗಲ್ಲ. ನಾವೆಲ್ಲ ಬೆಣ್ಣೆ ಹಚ್ಕೊಂಡು ತಿಂತೀವಿ, ಬಾಯಿ ಮುಚ್ಕೊಂಡಿರ್ತೀವಿ."

ಮಾವ ಕುರ್ಚಿಯಲ್ಲಿ ಕುಗ್ಗಿದ. "ಅಯ್ಯೋ. ಅದಕ್ಕೇನಾ ಎಲ್ರೂ ಹಾಗೆ ನೋಡಿದ್ದು?"

"ಅದಕ್ಕಲ್ಲ."

"ಮತ್ತೆ ನಾನು ಸುಳ್ಳು ಹೇಳ್ದೆ ಅಂತಾನಾ? ದೇವರಾಣೆ ಕಂಡಿದ್ದು ನಿಜ ಪಾಸ್ಟರಮ್ಮ! ಎಷ್ಟು ಸ್ಪಷ್ಟ ಅಂದ್ರೆ, ಅವ್ರ ಏಪ್ರನ್ನಿನ ಜೇಬಿನ ಮೇಲೆ ಒಂದು ಗುಂಡಿ ಇದೆ ನೋಡಿ, ಅಡ್ಡಗೆರೆ ಸರಿಯಾಗಿ ಆ ಗುಂಡಿ ಮೇಲೇ ಕೂತಿತ್ತು! ಒಂದು ಕೂದಲೆಳೆ ಅಲ್ಲಾಡ್ಲಿಲ್ಲ!"

ಪಾಸ್ಟರ್ ಕಾಫಿ ಪಾತ್ರೆಯನ್ನು ಕೆಳಗಿಟ್ಟರು. ನನ್ನತ್ತ ನೋಡಿದರು. ನಾನು ನೆಲಹಾಸಿನ ವಿನ್ಯಾಸವನ್ನು ಅಭ್ಯಾಸ ಮಾಡತೊಡಗಿದೆ. ಗಾಡಿಯಲ್ಲಿ ಮರಳುವಾಗ ನಾನು, "ಮಾವ, ವಿಷಯ ಲೆಫ್ಸೆ ಅಲ್ಲ," ಎಂದು ಆರಂಭಿಸಿದೆ. "ಗೊತ್ತು ಬಿಡು, ಅವ್ರ ಬೆರಳು. ಪಾಪ," ಎಂದು ಆತ ಮಾತನ್ನು ಅಲ್ಲಿಗೇ ಮುಗಿಸಿದ.

ಅದೇ ಮಧ್ಯಾಹ್ನ ದನದ ಮೇವಿನ ಅಂಗಡಿಗೆ ಹೋದೆವು. ಬಾಗಿಲು ತೆರೆದೊಡನೆ ಒಳಗೆ ನಿಂತಿದ್ದ ಗಿರಾಕಿಗಳೆಲ್ಲ ಎರಡೂ ಕೈಗಳನ್ನು ತಲೆಯ ಮೇಲಕ್ಕೆತ್ತಿದರು. ಗಲ್ಲಾದ ಹಿಂದಿನ ಹೆಂಗಸು ಒಂದು ಕೈಯನ್ನು ಮಾತ್ರ ಎತ್ತಿದಳು, ಏಕೆಂದರೆ ಇನ್ನೊಂದರಲ್ಲಿ ಫೋನಿತ್ತು.

ಮಾವ ಕ್ಷಣಕಾಲ ಗೊಂದಲಗೊಂಡು, ಇದು ತನಗೆ ತಿಳಿಯದ ಹೊಸ ಬಗೆಯ ಸ್ವಾಗತವಿರಬೇಕೆಂದುಕೊಂಡು, ತಾನೂ ಎರಡೂ ಕೈಗಳನ್ನು ಎತ್ತಿದ. ಹೀಗೆ ಎಲ್ಲರೂ ಕೈಯೆತ್ತಿ ನಿಂತಿದ್ದಾಗ ಮರ್ಲಿನ್ ಮೇವಿನ ಚೀಲಗಳ ಹಿಂದಿನಿಂದ ಕೂಗಿದ:

"ಗುಂಡು ಹಾರಿಸ್ಬೇಡಿ ಮೇಷ್ಟ್ರೇ! ನಮ್ಮನೇಲಿ ಕೇಕೂ ಅಂಗಡೀದೇ!"

ಮಾವ ನಗುತ್ತ ಕೈ ಇಳಿಸಿದ. ಬೇರೆ ಯಾರೂ ನಗಲಿಲ್ಲ. ನಾನು ಮೇವಿನ ಚೀಲವನ್ನು ಹೆಗಲ ಮೇಲಿಟ್ಟುಕೊಂಡು ಅದರ ಮರೆಯಲ್ಲಿ ಮುಖವನ್ನು ಅಡಗಿಸಿಕೊಂಡು ಹೊರಗೆ ಬಂದೆ.

ಸಂಜೆ ಡೆಪ್ಯುಟಿ ಶೆರಿಫ್ ಕೋಲ್ಟನ್ ಬಾಕೆ ಬಂದ. ಬಾಗಿಲಲ್ಲೇ ಹ್ಯಾಟು ತೆಗೆದು ಎರಡೂ ಕೈಗಳಲ್ಲಿ ಹಿಡಿದುಕೊಂಡ. ಅವನೂ ನನ್ನ ಮಾವನ ಶಿಷ್ಯ. ಬಾಲ್ಯದಲ್ಲಿ ಪರೀಕ್ಷೆಯಲ್ಲಿ ಎರಡು ಸಲ ಅನುತ್ತೀರ್ಣನಾದವನು.

"ಮೇಷ್ಟ್ರೇ, ಕೂತ್ಕೊಳ್ಳಿ," ಎಂದ.

"ಇದು ನನ್ನ ಮನೆ ಕಣಯ್ಯ. ನೀನು ಕೂತ್ಕೋ."

ಇಬ್ಬರೂ ಕುಳಿತರು. ಅತ್ತೆ ಕಾಫಿ ತಂದಿಟ್ಟು, ಹೋಗದೆ ನಿಂತಳು.

"ದೂರು ಯಾರೂ ಕೊಟ್ಟಿಲ್ಲ," ಎಂದ ಕೋಲ್ಟನ್, ಹ್ಯಾಟಿನ ಅಂಚನ್ನು ತಿರುಗಿಸುತ್ತ. "ಆದ್ರೆ ಕೇಳ್ಬೇಕಾಗತ್ತೆ. ಮೊದಲ್ನೇ ನಿಯಮ ಏನು ಮೇಷ್ಟ್ರೇ?"

ಮಾವನಿಗೆ ಉತ್ಸಾಹ ಬಂತು. ಹಳೆಯ ಶಿಷ್ಯ ಪಾಠವನ್ನು ನೆನಪಿಸಿಕೊಳ್ಳುತ್ತಿದ್ದಾನೆ! ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ತರಗತಿಯ ಧ್ವನಿಯಲ್ಲಿ ಹೇಳಿದ:

"ಬಂದೂಕಲ್ಲಿ ಗುಂಡು ಇಲ್ಲ ಅಂತ ಗೊತ್ತಿದ್ರೂ, ಇದೆ ಅಂತಲೇ ತಿಳ್ಕೋಬೇಕು."

"ಎರಡ್ನೇದು?"

"ಸಾಯಿಸ್ಬೇಕು ಅಂತ ಇಲ್ಲದ ಯಾವ್ದರ ಕಡೆಗೂ ನಳಿಗೆ ತಿರುಗಿಸ್ಬಾರ್ದು. ಬಂದೂಕಿನ ದುರ್ಬೀನು ಇರೋದು ನೋಡೋಕಲ್ಲ, ಹೊಡೆಯೋಕೆ. ನೋಡ್ಬೇಕು ಅಂದ್ರೆ ಜೋಡಿ ದುರ್ಬೀನು..."

ವಾಕ್ಯ ಅಲ್ಲಿಯೇ ನಿಂತಿತು.

ಮಾವನ ಮುಖದಲ್ಲಿ ಆಗ ನಡೆದದ್ದನ್ನು ನಿಖರವಾಗಿ ದಾಖಲಿಸಬೇಕು: ಮೊದಲು ಕಿವಿಗಳು, ಬಳಿಕ ಕುತ್ತಿಗೆ, ಕಡೆಗೆ ಬೋಳುತಲೆ, ಈ ಕ್ರಮದಲ್ಲಿ ಕೆಂಪಾದವು.

"ಬಂದೂಕಿನ ಬೋಲ್ಟು ತೆಗೆದಿಟ್ಟಿದ್ದೆ ಕೋಲ್ಟನ್, ಗುಂಡು ಹಾರೋ ಹಾಗೇ ಇರ್ಲಿಲ್ಲ," ಎಂದ, ಬಹಳ ಸಣ್ಣ ಧ್ವನಿಯಲ್ಲಿ.

"ನಾನೂ ಪರೀಕ್ಷೇಲಿ ಹಾಗೇ ಬರ್ದಿದ್ದೆ ಮೇಷ್ಟ್ರೇ. ನೀವು ನಂಗೆ ಸೊನ್ನೆ ಕೊಟ್ರಿ."

ಅತ್ತೆ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಕೇಳಿಸಿದ ಸದ್ದು ಅಳುವಿನದೋ ನಗುವಿನದೋ ಎಂದು ಇಂದಿಗೂ ಹೇಳಲಾರೆ.

ಆಮೇಲೆ ಮಾವ ಮನೆಯಿಂದ ಹೊರಬೀಳಲಿಲ್ಲ. ಏಪ್ರಿಲ್ ತರಗತಿಯನ್ನು ಕೋಲ್ಟನ್‌ಗೆ ಒಪ್ಪಿಸಲಾಯಿತು. ಜಿನೀವ್ ಅವರ ಹೊಲದ ಮಾತೆತ್ತುವ ಧೈರ್ಯ ಯಾರಿಗೂ ಇರಲಿಲ್ಲ. ಮಾವ ಹಟ್ಟಿಗೆ ಹೋಗಬೇಕಾದರೂ ಮನೆಯ ಹಿಂದಿನಿಂದ, ಕೊರಕಲಿನ ಆ ಕಡೆಯವರಿಗೆ ಕಾಣದಂತೆ, ಬಾಗಿಕೊಂಡು ಹೋಗುತ್ತಿದ್ದ. ಅವನ ನಡಿಗೆಯನ್ನು ಕಂಡು ಹೋರಿಯೇ ಬೆಚ್ಚಿ ಬೇಲಿ ಹಾರಿತು. ಕ್ಷಮೆ ಕೇಳುವ ಕೆಲಸಕ್ಕೆ ಅವನು ಅತ್ತೆಯನ್ನು ಕಳುಹಿಸಿದ. ಅತ್ತೆ ಆಲೂಗಡ್ಡೆಯ ಹಾಟ್‌ಡಿಶ್ ಎಂಬ ಬಿಸಿ ತಿನಿಸನ್ನು ಬೇಯಿಸಿಕೊಂಡು ಜಿನೀವ್ ಮನೆಗೆ ಹೋಗಿ ಬಂದಳು.

"ಏನಂದ್ರು?"

"ಹಾಟ್‌ಡಿಶ್ ತಗೊಂಡ್ರು. ಕ್ಷಮೆ ತಗೊಳ್ಳಲಿಲ್ಲ. ತಪ್ಪು ಮಾಡಿದ್ದು ನೀನಲ್ವಲ್ಲ ಲವಾನ್, ಅಂದ್ರು."

ಮರುದಿನ ಬೆಳಿಗ್ಗೆ ಜಿನೀವ್ ಅಡುಗೆಮನೆಯ ಕಿಟಕಿಯ ಗಾಜಿಗೆ ಒಳಗಿನಿಂದ ಏನೋ ಬಿಳಿಯದು ಅಂಟಿಕೊಂಡಿತ್ತು. ಚೌಕಾಕಾರದ ದಪ್ಪ ರಟ್ಟು, ಮುಖ ಕೊರಕಲಿನ ಕಡೆಗೆ. ಆ ಕಿಟಕಿಯ ಕೆಳಗೆ ಕಡಿದಾದ ಇಳಿಜಾರು, ಎದೆಮಟ್ಟದ ಹಿಮ. ಆ ಬದಿಗೆ ಯಾರೂ ಸುಳಿಯುವುದಿಲ್ಲ. ಕಿಟಕಿ ಕಾಣುವುದು ಮಾವನ ಮನೆಗೆ, ಅದರ ಪಕ್ಕದ ಗುಡ್ಡದ ಮೇಲಿರುವ ಮರ್ಲಿನ್‌ನ ಮನೆಗೆ, ಅಷ್ಟೆ.

"ಏನೋ ಬರ್ದು ಅಂಟ್ಸಿದಾರೆ," ಎಂದ ಮಾವ. "ನಂಗೇ ಬರ್ದಿರೋದು."

ತನ್ನ ಹಳೆಯ ಜೋಡಿ ದುರ್ಬೀನನ್ನು ಹುಡುಕಿ ತೆಗೆದ. ಅದರ ಒಂದು ಕೊಳವೆಯಲ್ಲಿ ಬೂಷ್ಟು ಬೆಳೆದಿತ್ತು, ಇನ್ನೊಂದು ಯಾವುದೋ ಕಾಲದಲ್ಲಿ ಟ್ರ್ಯಾಕ್ಟರಿನಡಿ ಸಿಕ್ಕಿ ಚಪ್ಪಟೆಯಾಗಿತ್ತು. ಕಂಡದ್ದು ಬಿಳಿ ಚೌಕ, ಅದರ ಮೇಲೆ ಬೂಷ್ಟು. ಪಾಸ್ಟರಮ್ಮನ ಬಳಿ ಮರ್ಲಿನ್ ಮಾರಿದ ಜೋಡಿ ದುರ್ಬೀನು ಇತ್ತು, ಆದರೆ ಅವರ ಮುಂದೆ ಮತ್ತೊಮ್ಮೆ ಹೋಗಿ ನಿಲ್ಲುವ ಮುಖ ಮಾವನಿಗೆ ಉಳಿದಿರಲಿಲ್ಲ. ಬಂದೂಕಿನ ಕಪಾಟಿನ ಬೀಗದ ಕೈ ಅವನ ಜೇಬಿನಲ್ಲೇ ಇತ್ತು. ದಿನವಿಡೀ ಅವನ ಕೈ ಆ ಜೇಬಿನ ಹತ್ತಿರ ಹೋಗುವುದು, ಅತ್ತೆ ಕೆಮ್ಮುವುದು, ಕೈ ಹಿಂದಕ್ಕೆ ಬರುವುದು, ಹೀಗೆ ನಡೆಯಿತು. ಕೊನೆಗೆ ಅವನೇ ಬೀಗದ ಕೈಯನ್ನು ತಂದು ನನ್ನ ಅಂಗೈಯಲ್ಲಿಟ್ಟ.

"ಇಟ್ಕೋ. ನಾನು ಕೇಳಿದ್ರೂ ಕೊಡ್ಬೇಡ. ಅತ್ರೂ ಕೊಡ್ಬೇಡ."

ವಾರವಾಯಿತು, ಹತ್ತು ದಿನವಾಯಿತು. ರಟ್ಟು ಇದ್ದಲ್ಲೇ ಇತ್ತು. ಮರ್ಲಿನ್ ದಿನಕ್ಕೊಮ್ಮೆ ಬಂದು ಹೋಗುತ್ತಿದ್ದ.

"ಓದಿದ್ಯಾ?"

"ಇಲ್ಲ ಭಾವ."

"ಇಪ್ಪತ್ನಾಲ್ಕು ಪಟ್ಟು ಇದ್ಯಲ್ಲಪ್ಪ! ಪೊಟ್ಟಣದ ಅಕ್ಷರ ಓದಿದೋನಿಗೆ ಅಷ್ಟು ದೊಡ್ಡ ಅಕ್ಷರ ಓದಕ್ಕಾಗಲ್ವ?"

"ದೊಡ್ಡ ಅಕ್ಷರಾನಾ? ನಿಂಗೆ ಗೊತ್ತಾ?"

"ಜನ ಮಾತಾಡ್ಕೊಳ್ತಾರೆ. ಎರಡು ಸಾಲು ಇದ್ಯಂತೆ. ಮೊದಲ್ನೇ ಸಾಲು ಪರವಾಗಿಲ್ವಂತೆ." ಬಾಗಿಲವರೆಗೆ ಹೋಗಿ ತಿರುಗಿ ಸೇರಿಸುತ್ತಿದ್ದ: "ಎರಡ್ನೇದೇ ಹೇಸಿಗೆ."

ಆ ಎರಡನೆಯ ಸಾಲಿನಿಂದಾಗಿ ಮಾವ ಊಟ ಬಿಟ್ಟ. ಹನ್ನೊಂದನೆಯ ದಿನ ಆತ ಕೋಟು ತೊಟ್ಟು, ಹ್ಯಾಟನ್ನು ಹಾಕಿಕೊಳ್ಳದೆ ಕೈಯಲ್ಲಿ ಹಿಡಿದು, ಕೊರಕಲಿಗೆ ಇಳಿದ. ರಸ್ತೆಯಲ್ಲಿ ಹೋದರೆ ಜನ ನೋಡುತ್ತಾರೆಂದು ಈ ದಾರಿ. ಜಾರಿದರೆ ಎತ್ತಬೇಕೆಂದು ನಾನು ಹಿಂದೆಯೇ ಹೋದೆ. ಮಾವ ಎರಡು ಸಲ ಜಾರಿ, ಸೊಂಟದವರೆಗೆ ಒದ್ದೆಯಾಗಿ, ಜಿನೀವ್ ಮನೆಯ ಬಾಗಿಲು ಬಡಿದ.

ಅವರು ಬಾಗಿಲು ತೆರೆದರು. ಒಳಗೆ ಬಾ ಎನ್ನಲಿಲ್ಲ.

"ಜಿನೀವ್," ಎಂದ ಮಾವ, ಹೊಸ್ತಿಲನ್ನು ನೋಡುತ್ತ. "ನಾನು ನಿಮ್ಮ ಕಡೆ ಬಂದೂಕು ತಿರುಗಿಸಿದೆ. ಅದರಲ್ಲಿ ಗುಂಡು ಇತ್ತು. ಇರಲಿಲ್ಲ, ಆದ್ರೂ ಇತ್ತು. ಅದನ್ನ ಹೇಳೋಕೆ ಲವಾನ್‌ನ ಕಳ್ಸಿದ್ದು ಇನ್ನೂ ದೊಡ್ಡ ತಪ್ಪು."

ಜಿನೀವ್ ಬಾಗಿಲಿಗೆ ಮೈಯೊರಗಿಸಿ ನಿಂತರು.

"ಇನ್ನೊಂದು ಕೇಳ್ಬೇಕಿತ್ತು. ಕೇಳೋ ಮುಖ ಇಲ್ಲ." ಹ್ಯಾಟು ಅವನ ಕೈಯಲ್ಲಿ ಹಿಂಡಿದ ಬಟ್ಟೆಯಂತಾಗಿತ್ತು. "ಕಿಟಕೀಲಿ ಏನು ಬರ್ದಿದೀರಿ? ಎರಡ್ನೇ ಸಾಲು ಏನಿದ್ರೂ ಪರವಾಗಿಲ್ಲ. ನಿಮ್ಮ ಬಾಯಲ್ಲೇ ಹೇಳ್ಬಿಡಿ."

ಜಿನೀವ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಒಳಗೆ ಹೋಗಿ, ಮಡಚಲಾಗದ ಬೆರಳುಗಳಿಂದ ರಟ್ಟನ್ನು ಕಿಟಕಿಯಿಂದ ಕಿತ್ತು ತಂದು, ಅದರ ಮುಖವನ್ನು ಅವನತ್ತ ತಿರುಗಿಸಿದರು.

ಅದರ ಮೇಲೆ ಒಂದಕ್ಷರವೂ ಇರಲಿಲ್ಲ.

"ಮತ್ತೆ ಬಂದೂಕಿನ ದುರ್ಬೀನಲ್ಲಿ ನೋಡಿದ್ರೆ ಖಾಲಿ ಅಂತ ಗೊತ್ತಾಗೋದು," ಎಂದರು ಜಿನೀವ್. "ಗೊತ್ತಾಗಿದ್ರೆ ಕೇಳೋಕೆ ಬರ್ತಿರ್ಲಿಲ್ಲ. ಹತ್ತು ದಿನ ತಡ್ಕೊಂಡಿದ್ಯಲ್ಲ ಆರ್ಡೆಲ್! ನಾನು ಮೂರು ದಿನ ಅಂದ್ಕೊಂಡಿದ್ದೆ. ಬೂಟು ಬಿಚ್ಚು, ಒಳಗ್ ಬಾ. ಕಾಫಿ ಇದೆ. ಲೆಫ್ಸೆನೂ ಇದೆ, ಅಂಗಡೀದು."

ಅಡುಗೆಮನೆಯಲ್ಲಿ ಮಾವನನ್ನು ತಮ್ಮ ಕುರ್ಚಿಯಲ್ಲೇ ಕೂರಿಸಿದರು. ಅಲ್ಲಿಂದ ನೇರವಾಗಿ, ಕೊರಕಲಿನ ಆಚೆ, ನಮ್ಮ ಮನೆಯ ಮಹಡಿ ಕಿಟಕಿ ಕಾಣುತ್ತಿತ್ತು, ಕಪ್ಪಗೆ, ಒಂದು ಗುಂಡಿಯಷ್ಟು. ಮಾವ ಅದನ್ನು ಬಹಳ ಹೊತ್ತು ನೋಡಿದ. ಲೆಫ್ಸೆಯ ಸುರುಳಿ ಅವನ ಕೈಯಲ್ಲೇ ಬಿಚ್ಚಿಕೊಂಡಿತು.

ಜಿನೀವ್ ಎರಡು ಷರತ್ತು ಹಾಕಿದರು. ಒಂದು, ಏಪ್ರಿಲ್ ತರಗತಿಯಲ್ಲಿ ಮಾವ ಮಕ್ಕಳೊಂದಿಗೆ ವಿದ್ಯಾರ್ಥಿಯಾಗಿ ಕೂರಬೇಕು, ಕೋಲ್ಟನ್‌ನ ಕೈಯಲ್ಲಿ ಪರೀಕ್ಷೆ ಬರೆದು ತೇರ್ಗಡೆಯಾದ ಮೇಲೆ ಹೊಲಕ್ಕೆ ಬರಬಹುದು. ಎರಡು, ರಟ್ಟಿನ ವಿಷಯವನ್ನು ಯಾರಿಗೂ, ಲವಾನ್‌ಗೂ, ಹೇಳಕೂಡದು. ಎರಡನೆಯದು ಏಕೆಂದು ನಾವು ಕೇಳಲಿಲ್ಲ. ರಟ್ಟನ್ನು ಅವರು ಒಲೆಗೆ ಹಾಕಿದರು.

ಮುಂದಿನ ಬುಧವಾರದ ಊಟಕ್ಕೆ ಮಾವ ಎಲ್ಲರಿಗಿಂತ ತಡವಾಗಿ ಬಂದು, ಬಾಗಿಲ ಬಳಿಯ ಮೂಲೆಯಲ್ಲಿ ಕುಳಿತ. ಜಿನೀವ್ ಲೆಫ್ಸೆಯನ್ನು ಈ ಸಲ ತಟ್ಟೆಯಲ್ಲಿ ತರಲಿಲ್ಲ. ಕೆಂಪಕ್ಷರದ ಪೊಟ್ಟಣಗಳನ್ನೇ ಮೇಜಿನ ನಡುವೆ ಸಾಲಾಗಿ ಇಟ್ಟು, ಮಾವನ ಪಕ್ಕದಲ್ಲಿ ಬಂದು ಕುಳಿತರು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಯಾರೋ ಬೆಣ್ಣೆ ಕೇಳಿದರು, ಯಾರೋ ಕೊಟ್ಟರು, ಮಾತು ಶುರುವಾಯಿತು.

ಇದನ್ನು ಮರ್ಲಿನ್‌ಗೆ ಸಹಿಸಲಾಗಲಿಲ್ಲ. ಲೆಫ್ಸೆಯನ್ನು ಸುರುಳಿ ಸುತ್ತುತ್ತ, ಎಲ್ಲರಿಗೂ ಕೇಳುವಂತೆ ಹೇಳಿದ:

"ಕೊನೆಗೂ ಹೋಗಿದ್ಯಂತೆ ಮೇಷ್ಟ್ರೇ! ಸೊಂಟದವರೆಗೆ ನೆನ್ಕೊಂಡು, ಬಿದ್ದು ಎದ್ದು ಹೋಗಿ ನೋಡಿದ್ದೇನು? ಖಾಲಿ ರಟ್ಟು!" ಮೇಜು ತಟ್ಟಿ ನಕ್ಕ. "ಒಂದಕ್ಷರ ಇಲ್ಲದ ರಟ್ಟಿಗೆ ಹನ್ನೊಂದು ದಿನ ಊಟ ಬಿಟ್ಟ, ಪುಣ್ಯಾತ್ಮ!"

ಮಾವ ತಲೆಯೆತ್ತಿದ. ನಾನು ತಲೆಯೆತ್ತಿದೆ. ಲವಾನ್ ಅತ್ತೆ, "ಖಾಲಿ ಇತ್ತಾ?" ಎಂದು ಮಾವನನ್ನು ಕೇಳಿದಳು.

ಜಿನೀವ್ ಕೈಯಲ್ಲಿದ್ದ ಚಮಚವನ್ನು ಮೆಲ್ಲಗೆ ಕೆಳಗಿಟ್ಟರು.

"ಯಾವುದ್ರಲ್ಲಿ ನೋಡ್ದೆ, ಮರ್ಲಿನ್?"

ಚಮಚಗಳು ನಿಂತವು. ಕಾಫಿಯ ಪಾತ್ರೆ ಗುರ್ ಎಂದಿತು.

"ನಾನಾ? ಅದು... ಜೋಡಿ ದುರ್ಬೀ..." ಎಂದು ಆರಂಭಿಸಿದ ಮರ್ಲಿನ್, ಎದುರಿನಲ್ಲೇ ಕುಳಿತಿದ್ದ ಪಾಸ್ಟರಮ್ಮನನ್ನು ಕಂಡು ನಿಲ್ಲಿಸಿದ. ಅವರ ಕೊರಳಲ್ಲಿ, ಹಕ್ಕಿ ನೋಡಿ ನೇರವಾಗಿ ಊಟಕ್ಕೆ ಬಂದಿದ್ದರಿಂದ, ಅವನೇ ಮಾರಿದ ಜೋಡಿ ದುರ್ಬೀನು ತೂಗುತ್ತಿತ್ತು.

"ಕೋಲ್ಟನ್," ಎಂದರು ಜಿನೀವ್, "ಏಪ್ರಿಲ್ ತರಗತೀಲಿ ಇನ್ನೊಂದು ಕುರ್ಚಿ ಹಾಕ್ಸಪ್ಪ. ದೊಡ್ಡದು."

ಮರ್ಲಿನ್‌ನ ಕಿವಿ, ಕುತ್ತಿಗೆ, ಬೋಳುತಲೆ, ಅದೇ ಕ್ರಮದಲ್ಲಿ ಕೆಂಪಾದವು. ಮಾವ ಮಾತ್ರ ಅದನ್ನು ನೋಡಲಿಲ್ಲ. ಎದ್ದು ಹೋಗಿ ಅವನ ಪಕ್ಕದಲ್ಲಿ ಕುಳಿತು, ಬೆಣ್ಣೆಯ ಬಟ್ಟಲನ್ನು ಅವನ ಕಡೆಗೆ ಸರಿಸಿದ.

"ತಿನ್ನು ಭಾವ. ನಾಲ್ಕೈದು ದಿನ ಹೀಗೇ ಇರತ್ತೆ. ಮೇವಿನ ಅಂಗಡಿಗೆ ಮಾತ್ರ ಹೋಗ್ಬೇಡ."

ಯಾವ ದುರ್ಬೀನು ಬೆಲೆಗೆ ತಕ್ಕದ್ದು ಎಂಬ ಪ್ರಶ್ನೆಗೆ ಉತ್ತರ ಕೊಡುವುದು ವಿಜ್ಞಾನದ ವಿದ್ಯಾರ್ಥಿಯಾಗಿ ನನ್ನ ಕರ್ತವ್ಯ. ಒಂದೇ ಕಿಟಕಿಯ ಮೇಲೆ ಎರಡನ್ನೂ ಪರೀಕ್ಷಿಸಿದಂತಾಯಿತು. ಮಾಲೀಕನ ಮಾನ ಕಳೆಯುವ ಸಾಮರ್ಥ್ಯದಲ್ಲಿ ಎರಡು ಗಾಜುಗಳೂ ಸರಿಸಮ. ಆದ್ದರಿಂದ ಅಗ್ಗದ್ದೇ ಸಾಕು.